ಒಂದೇ ಜೀಪಿನಲ್ಲಿ ಹೋದವರು

ಎದ್ದು ನಿಂತು ಸೀಟು ಬಿಟ್ಟುಕೊಟ್ಟವನ ಮೇಲೆ ಅನುಪಮಾಳಿಗೆ ಸಿಟ್ಟು ಬಂದಿತ್ತು. ಸಾಲಗುಂದದ ಕಡೆಯ ರೈತನಿರಬೇಕು, ಮೊಣಕಾಲ ಕೆಳಗೆ ಗದ್ದೆಯ ಕೆಸರು ಒಣಗಿ ಬಿಳಿಚಿಕೊಂಡಿತ್ತು. ಸಿಂಧನೂರಿನ ನಿಲ್ದಾಣದಲ್ಲಿ ಅವಳು ಬಸ್ಸು ಹತ್ತಿದ ಕೂಡಲೇ, "ಕುಂದರ್ರಿ ಮೇಡಂ, ನಾ ಇಲ್ಲೇ ಮುಂದ ಇಳ್ಯಾವ" ಎಂದು ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟವನು ಇಳಿಯಲೇ ಇಲ್ಲ. ಅಕ್ಕಿ ಗಿರಣಿಗಳು ಹಿಂದೆ ಸರಿದವು, ಕಾಲುವೆಯ ಸೇತುವೆ ದಾಟಿತು, ಗದ್ದೆಯ ಹಸಿರು ತೆಳುವಾಗುತ್ತ ಬಯಲು ಶುರುವಾಯಿತು. ಅವನು ಮಾತ್ರ ಕಂಬಿ ಹಿಡಿದು ತೂಗಾಡುತ್ತಲೇ ಇದ್ದ. ಅವಳು ತಲೆ ಎತ್ತಿದಾಗಲೆಲ್ಲ ಕಣ್ಣು ತಪ್ಪಿಸುತ್ತಿದ್ದ, ತನ್ನ ಸುಳ್ಳು ತಿಳಿದು ಆಕೆಗೆ ಮುಜುಗರವಾದೀತು ಎನ್ನುವವನ ಹಾಗೆ. ಬೇರೆ ದಿನವಾಗಿದ್ದರೆ ಇಷ್ಟು ಸಣ್ಣ ಉಪಕಾರಕ್ಕೆ ಅವಳ ಮನಸ್ಸು ತಂಪಾಗುತ್ತಿತ್ತು. ಇವತ್ತು ಅದು ಚರ್ಮಕ್ಕೆ ತಾಗಿದ ತುರಿಕೆಯ ಎಲೆಯಂತೆ ಉರಿಯುತ್ತಿತ್ತು, ಯಾಕೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ನಿನ್ನೆ ಸಂಜೆ ಗುರುಬಸವ ಫೋನು ಮಾಡಿದ್ದರು. "ಮಸ್ಕಿಯವು ನಾಳಿಗೆ ಮುಗಿಸಿಬಿಡೂಣ್ರಿ ಮೇಡಂ. ನೀವೊಂದು ಹೆಬ್ಬೆಟ್ಟು ಇಟ್ರ ಬಡವರ ಮನಿಗೆ ಬಾಗಲಾ ಬೀಳತಾವ. ಅಮ್ಮನ ಮೊಣಕಾಲ ಹ್ಯಾಂಗದ?" ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಲಿಂಗಸುಗೂರಿನ ಕಚೇರಿಯಲ್ಲಿ ತಾಯಿಯ ಮೊಣಕಾಲು ವಿಚಾರಿಸುವ ಮೇಲಧಿಕಾರಿ ಅವರೊಬ್ಬರೇ. ಫೋನು ಇಟ್ಟ ಮೇಲೆ ಅವ್ವ, "ಎಷ್ಟು ಒಳ್ಳೇ ಮನಿಷ್ಯಾನವ್ವ" ಅಂದಿದ್ದಳು. ಆಗಿನಿಂದ ಈ ಉರಿ.

ಅವಳ ಕೆಲಸವೆಂದರೆ ನೋಡುವುದು. ಬುಡಕಟ್ಟು ಕುಟುಂಬಗಳಿಗೆ ಸರ್ಕಾರ ಕಟ್ಟಿಸಿಕೊಡುವ ಮನೆಗಳು ಹಂತ ಹಂತವಾಗಿ ಏಳುತ್ತವೆ, ತಳಪಾಯ, ಗೋಡೆ, ಚಾವಣಿ, ಕೊನೆಗೆ ಬಾಗಿಲು ಕಿಟಕಿ. ಪ್ರತಿ ಹಂತದಲ್ಲೂ ಮನೆಯ ಒಡತಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಒಬ್ಬರು ಫೋಟೊ ತೆಗೆಯಬೇಕು, ಇನ್ನೊಬ್ಬರು ಹೋಗಿ ಕಣ್ಣಾರೆ ನೋಡಿ ಹೌದೆಂದು ಹೆಬ್ಬೆಟ್ಟು ಒತ್ತಬೇಕು, ಮತ್ತೊಬ್ಬರು ಹಣ ಬಿಡಬೇಕು. ಆ ನಡುವಿನ ಹೆಬ್ಬೆಟ್ಟು ಅವಳದು. ಈ ಹುದ್ದೆಗೆ ಬರುವ ಮೊದಲು ರಾಯಚೂರಿನಲ್ಲಿ ತರಬೇತಿ ಕೊಟ್ಟ ನಿವೃತ್ತ ಲೆಕ್ಕ ತಪಾಸಕರೊಬ್ಬರು ಕನ್ನಡಕ ಒರೆಸುತ್ತ ಹೇಳಿದ್ದರು, ಈ ಮೂವರು ಎಂದೂ ಒಂದೇ ಜೀಪಿನಲ್ಲಿ ಹೋಗಬಾರದು ಎಂದು. ತರಗತಿ ನಕ್ಕಿತ್ತು. "ಹಂಗಾರ ಮೂರು ಜೀಪು ಕೊಡಸ್ರಿ ಸರ್" ಎಂದಿದ್ದ ಯಾರೋ ಹಿಂದಿನ ಬೆಂಚಿನವನು. ಮುದುಕರು ನಗಲಿಲ್ಲ. "ಬಸ್ಸಿಗೆ ಹೋಗ್ರಿ. ಒಂದು ಜೀಪಿನ್ಯಾಗ ಕುಂತವರು ಒಂದು ಬಾಟ್ಲಿ ನೀರು ಕುಡೀತಾರ, ಒಬ್ಬರ ಮಾತಿಗೆ ಒಬ್ಬರು ಹ್ಞೂಂ ಅಂತಾರ. ಮನಿ ಮುಟ್ಟೂದರಾಗ ನೋಡೂದು ಮುಗದಿರತೈತಿ. ಮತ್ತ ಹೊರಗ ನಿಂತು ಗ್ವಾಡಿ ನೋಡಬ್ಯಾಡ್ರಿ. ಒಳಗ ಹೋಗ್ರಿ, ಒಲಿ ನೋಡ್ರಿ, ಬೂದಿ ಐತೋ ಇಲ್ಲೋ. ಬಾಜೂ ಮನಿಯವರ್ನ ಕೇಳ್ರಿ." ಅವಳೂ ನಕ್ಕಿದ್ದಳು. ನಕ್ಕದ್ದು ನೆನಪಾಗಿ ಈಗ ಕಿಟಕಿಯ ಗಾಜಿಗೆ ಹಣೆ ಒತ್ತಿದಳು. ಮಸ್ಕಿಗೆ ಹೋದ ದಿನ ಏಪ್ರಿಲ್ಲಿನ ಬಿಸಿಲು; ಹಣ ಬಿಡುವ ಗುರುಬಸವ ಜೀಪಿನ ಮುಂದಿನ ಸೀಟನ್ನು ಅವಳಿಗೆ ಬಿಟ್ಟು, ಫೋಟೊ ತೆಗೆಯುವ ಗುತ್ತಿಗೆ ಎಂಜಿನಿಯರ್ ವಿರೇಶನ ಜೊತೆ ತಾವು ಹಿಂದೆ ಮುದುಡಿ ಕೂತಿದ್ದರು. ಕಿಟಕಿಗೆ ಒದ್ದೆ ಟವೆಲು ಕಟ್ಟಿಸಿದ್ದರು. "ನಮ್ಮ ಮೇಡಂಗ ಬಿಸಲು ಹತ್ತಬಾರದಲೇ ವಿರೇಶ. ನಿಮ್ಮಂಥವರು ಓದಿ ಈ ಸೀಟಿಗೆ ಬಂದದ್ದು ನೋಡಿದ್ರ ನನಗ ಎಷ್ಟು ಖುಷಿ ಅಂತೀರಿ." ನಿಮ್ಮಂಥವರು ಎಂಬ ಮಾತು ಒದ್ದೆ ಟವೆಲಿನ ಜೊತೆಗೇ ಬಂದದ್ದರಿಂದ ಚುಚ್ಚಿದರೂ ತಂಪಾಗಿತ್ತು. ಅವಳು ಥ್ಯಾಂಕ್ಸ್ ಅಂದಿದ್ದಳು. ಥ್ಯಾಂಕ್ಸ್ ಅಂದ ತನ್ನ ಬಾಯಿಯನ್ನು ಈಗ ಹೊಡೆಯಬೇಕೆನಿಸಿತು.

ಆ ಮನೆ ಚೆನ್ನಾಗಿತ್ತು. ನೀಲಿ ಬಣ್ಣ ಇನ್ನೂ ಹಸಿಯಾಗಿತ್ತು, ಮುಟ್ಟಿ ನೋಡಿದರೆ ಬೆರಳಿಗೆ ಹತ್ತಿತು. ಹೊಸ ಮನೆಯೆಂದರೆ ಇದೇ ವಾಸನೆ ಎಂದು ಅವಳಿಗೆ ಸಂತೋಷವೂ ಆಗಿತ್ತು. ತಿಮ್ಮವ್ವ ಎಂಬ ಮುದುಕಿಯನ್ನು ವಿರೇಶ ಬಾಗಿಲ ಬಳಿ ನಿಲ್ಲಿಸಿದ. ನಿಲ್ಲುವ ಮುಂಚೆ ಮುದುಕಿ ಬಗ್ಗಿ, ಹೊಸ್ತಿಲನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಷ್ಟೇ. ಅನುಪಮಾಳಿಗೆ ಅಷ್ಟು ಸಾಕಾಗಿತ್ತು. ಸಿಂಧನೂರಿನ ತನ್ನ ಮನೆಯಲ್ಲಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವ ರೂಢಿಯಿರಲಿಲ್ಲ. ಅಪ್ಪ ಬೌದ್ಧ ಧಮ್ಮಕ್ಕೆ ಬಂದ ಮೇಲೆ ನಡುಮನೆಯ ಬುದ್ಧನ ಫೋಟೊದ ಧೂಳು ಒರೆಸುವುದೊಂದೇ ಅವ್ವನ ಪೂಜೆಯಾಗಿತ್ತು. ಹೊಸ್ತಿಲಿಗೆ ಬಗ್ಗುವುದನ್ನು ಅವಳು ಕಂಡದ್ದು ಎದುರು ಮನೆಗಳಲ್ಲಿ, ಬೆಳಗಾಗ ತಮ್ಮ ತಮ್ಮ ಬಾಗಿಲು ತೊಳೆಯುವ ಹೆಂಗಸರಲ್ಲಿ. ಹೊಸ್ತಿಲಿಗೆ ಬಗ್ಗುವವಳು ಮನೆಯವಳು ಎಂದೇ ಅವಳ ಕಣ್ಣು ಕಲಿತಿತ್ತು. ಒಳಗೆ ಹೋಗಲಿಲ್ಲ. ನೆಲ ಸಾರಿಸಿದಂತಿತ್ತು, ಚಪ್ಪಲಿ ಬಿಚ್ಚಿ ಅವರ ಹೊಸ ಮನೆಯನ್ನು ಪೊಲೀಸರಂತೆ ತಡಕಾಡುವುದು ಒರಟುತನವೆನಿಸಿತು. ಹಿಂದೆ ನೀರಿನ ತೊಟ್ಟಿಯ ಬಳಿ ಹೆಂಗಸೊಬ್ಬಳು ಬಟ್ಟೆ ಮಡಚುತ್ತಿದ್ದಳು. ಅವಳನ್ನೂ ಏನೂ ಕೇಳಲಿಲ್ಲ. ಜೀಪು ಓಣಿಗಳನ್ನು ಸುತ್ತಿತು, ಮತ್ತೆ ಮತ್ತೆ ನಿಂತಿತು, ವಿರೇಶ ಎಳನೀರು ಕೆತ್ತಿಸಿ ಕೊಟ್ಟ, ಅವಳು ಜೀಪಿನಲ್ಲೇ ಕೂತು ಹೆಬ್ಬೆಟ್ಟು ಒತ್ತಿದಳು.

ಮಸ್ಕಿಯಲ್ಲಿ ಬಸ್ಸು ನಿಂತಾಗ ಆ ರೈತ ಇಳಿದುಹೋದ, ನೂಕಿಕೊಂಡು ಹತ್ತಿದ ಹೆಂಗಸರ ನಡುವೆ ಆ ಮುದುಕಿಯೇ ಇದ್ದಳು. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೀಟನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಅನುಪಮಾಳ ಪಕ್ಕ ಖಾಲಿಯಾದ ಸೀಟಿಗೆ ಕೂತು, ಅವಳ ಮುಖವನ್ನೇ ನೋಡಿದಳು.

"ನೀ ಫೋಟೊದ ಅಕ್ಕನಲ್ಲೇನಬೇ? ಜೀಪಿನ್ಯಾಗ ಬಂದಿದ್ದಿ."

"ಹೌದು ಯವ್ವಾ. ಆರಾಮ ಅದೀಯೇನು? ಮನಿ ಹೆಂಗೈತಿ?"

"ಮನಿ ನೀವು ಕೊಟ್ಟ ಮ್ಯಾಲ ಹೆಂಗೈತಿ ಅಂತ ನಾ ಹೇಳಬೇಕು." ತಿಮ್ಮವ್ವ ನಕ್ಕಳು. ಮಡಿಲಿನ ಗಂಟು ಬಿಚ್ಚಿ ಕುದಿಸಿದ ಶೇಂಗಾ ತೆಗೆದು, ಅನುಪಮಾ ಬೇಡವೆಂದರೂ ಅವಳ ಅಂಗೈ ಹಿಡಿದು ಸುರಿದಳು. "ತಿನ್ನು, ಬಿಸಿ ಅದಾವು. ನಿಮ್ಮ ಕಚೇರಿಗೇ ಹೊಂಟೀನಿ, ಯಾವಾಗ ಕೊಡ್ತೀರಿ ಕೇಳಾಕ. ಮಳಿ ಬಂತಂದ್ರ ನಮ್ಮ ಗುಡಿಸಲಾಗ ಹಾವು ಬರ್ತಾವ. ಹ್ವಾದ ವರ್ಷ ತಾಡಪತ್ರಿ ಮ್ಯಾಲ ಬಂದಿತ್ತು ಒಂದು, ಹಾವೂ ನಾನೂ ಒಬ್ಬರನ್ನೊಬ್ಬರು ನೋಡ್ಕೋತ ಕುಂತಿದ್ವಿ ಬೆಳತನಕ."

"ನಾವು ಫೋಟೊ ತಗದದ್ದು, ಆ ನೀಲಿ ಮನಿ?"

"ಅದು ದಾವಲ್‌ಬೀ ಇರೂ ಮನಿ. ಬಾಡಿಗಿಗೆ ಅದಾಳ. ಪಾಪ, ಅಕಿನ್ನ ಹಿಂದ ತೊಟ್ಟಿ ಕಡೆ ಕುಂದ್ರಿಸಿದ್ರು ನೀವು ಬಂದು ಹೋಗೂತನ. ಎಂಥಾ ಹೆಣಮಗಳಂತಿ, ಬಿಸಲಾಗ ಬಂದೀ ಅಂತ ಬೆಲ್ಲ ಹಾಕಿ ನೀರು ಕೊಟ್ಳು. ಉಂಡ ಮನಿ, ಕುಡದ ಮನಿ, ಹೊಸ್ತಿಲ ಮುಟ್ಟದ ಹೆಂಗ ಹೊರಗ ಬೀಳೂದು? ಮುಟ್ಟಿ ಬಂದೆ. ಆಕಿ ಮಕ್ಕಳು ಛಲೋ ಇರ್ಲಿ."

ಶೇಂಗಾದ ಬಿಸಿ ಅಂಗೈಯಲ್ಲಿತ್ತು. ಅನುಪಮಾ ಕೈ ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. "ಮತ್ತ ನಿನ್ನ ಮನಿ ಅಲ್ಲದ ಕಡೆ ಯಾಕ ನಿಂತಿ ಯವ್ವಾ?"

"ಅಯ್ಯ, ರೇಶನ್ ಕಾರ್ಡಿಗೆ ಮೊದಲ ಏನು ತಗೀತಾರ? ಫೋಟೊ. ಆಮ್ಯಾಗ ಕಾರ್ಡು ಬರತೈತಿ. ಆಧಾರಕ್ಕೂ ಹಂಗ, ಕೂಲಿ ಕಾರ್ಡಿಗೂ ಹಂಗ. ಮನಿಗೂ ಹಂಗ ಇರಬೇಕು ಅಂದ್ಕೊಂಡೆ. ಎಂಥಾ ಮನಿ ಕೊಡ್ತಾರ ಅದರ ಮುಂದ ನಿಂದ್ರಸ್ತಾರ ಅಂತ." ಅವಳ ದನಿಯಲ್ಲಿ ಮೋಸಹೋದವರ ಅಳುಕು ಒಂದಿಷ್ಟೂ ಇರಲಿಲ್ಲ, ಸರ್ಕಾರದ ಪದ್ಧತಿ ಬಲ್ಲವಳ ಬಿಗುಮಾನವಿತ್ತು. "ವಿರೇಶಪ್ಪ ಎಲ್ಲಾ ಬರೋಬ್ಬರಿ ಮಾಡ್ಯಾನ. ಸಣ್ಣ ಮಿಷನ್ ತಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹ್ವಾದ, ಬ್ಯಾಂಕಿನಾಗ ಬಂದ ರೊಕ್ಕ ಇಟ್ಟಿಗಿಗೆ ಬೇಕು ಅಂದ. ನನಗ ಒಂದು ಸೀರಿನೂ ಕೊಟ್ಟ. ಎಲ್ಲೈತಿ ನನ್ನ ಫೋಟೊ, ನಿನ್ನ ಫೋನಿನ್ಯಾಗ ಐತೇನು? ತೋರ್ಸು."

ತೋರಿಸಬಾರದಿತ್ತು. ತೋರಿಸಿದಳು. ಮುದುಕಿ ತನ್ನ ಮುಖಕ್ಕೆ ತಾನೇ ನಾಚಿ ಸೆರಗು ಎಳೆದುಕೊಂಡಳು. ಒರಟು ಬೆರಳು ತಾಗಿ ಪರದೆ ಜಾರಿತು, ಗುಲಾಬಿ ಬಣ್ಣದ ಗೋಡೆಯ ಮುಂದೆ ಇನ್ನೊಬ್ಬಳು ನಿಂತಿದ್ದಳು. "ಇಕಿ ಗ್ಯಾನಮ್ಮ, ನಮ್ಮ ಓಣ್ಯಾಗಿನಾಕಿ. ಇದೂ ಅದಾ ಮನಿ, ಹಿಂದಿನ ಬಾಗಲ. ನಮ್ಮ ಯಂಕೋಬನ ಹೇಣ್ತಿನ್ನ ಬಾಜೂ ಗ್ವಾಡಿಗೆ ನಿಂದ್ರಿಸಿದ್ರು. ಒಂದಾ ಮನಿ, ಎಲ್ಲಾರ್ನೂ ನಿಂದ್ರಿಸಿದ್ರು." ಅನುಪಮಾ ನೀಲಿ ಗೋಡೆಯ ಫೋಟೊಕ್ಕೆ ಹಿಂದಿರುಗಿದಳು. ತಿಮ್ಮವ್ವನ ಕಾಲ ಬಳಿ, ಗೋಡೆಯ ಮೇಲೆ, ಕೈಯಲ್ಲಿ ವ್ಯಾನಿಟಿ ಬ್ಯಾಗು ಹಿಡಿದ ಒಂದು ನೆರಳು ಬಿದ್ದಿತ್ತು. ಅದು ಅವಳದೇ.

ಹೇಳಬೇಕಿತ್ತು, ಆಗಲೇ. ಬಸ್ಸು ಮುದಬಾಳದ ತಿರುವಿನಲ್ಲಿ ಓಲಾಡಿ ಮುದುಕಿಯ ಭುಜ ಅವಳ ಭುಜಕ್ಕೆ ಒರಗಿದಾಗ, ಯವ್ವಾ ನಿನ್ನ ಮನೆ ಯಾರೂ ಕಟ್ಟುತ್ತಿಲ್ಲ, ನಿನ್ನ ಹೆಸರಿಗೆ ಬಂದ ಹಣವನ್ನು ತಿಂದಿದ್ದಾರೆ, ಚಾವಣಿಯವರೆಗೆ ಆಗಿದೆ ಎಂದು ನಾನೇ ಬೆರಳು ಒತ್ತಿದ್ದೇನೆ, ಇವತ್ತು ಕೊನೆಯ ಹಂತಕ್ಕೂ ಒತ್ತಿದರೆ ನಿನಗೆ ಮನೆ ಇದೆ ಎಂದು ಸರ್ಕಾರ ಬರೆದುಕೊಳ್ಳುತ್ತದೆ, ಮನೆ ಇದ್ದವಳಿಗೆ ಸಾಯುವವರೆಗೂ ಇನ್ನೊಂದು ಮನೆಯಿಲ್ಲ ಎಂದು. ಎಲ್ಲವೂ ವಾಕ್ಯಗಳಾಗಿ ನಾಲಿಗೆಯ ಮೇಲೆ ಬಂದು ನಿಂತವು. ಬದಲಿಗೆ ಅವಳು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡಳು, ಮುದುಕಿ ನೋಡುತ್ತಿದ್ದಳೆಂದು. ಉಪ್ಪು ಹದವಾಗಿತ್ತು. ಸಿಟ್ಟು ಯಾರ ಮೇಲೆಂದು ಹುಡುಕಿದರೆ ಎಲ್ಲರೂ ಸಿಕ್ಕರು: ಹಸಿ ಬಣ್ಣ ಬಳಿದ ವಿರೇಶ, ಒದ್ದೆ ಟವೆಲು ಕಟ್ಟಿಸಿದ ಗುರುಬಸವ, ಚಪ್ಪಲಿ ಬಿಚ್ಚಲು ಸಂಕೋಚಪಟ್ಟ ತಾನು, ಬಾಯಿ ಮುಚ್ಚಿಕೊಂಡು ತೊಟ್ಟಿಯ ಬಳಿ ಕೂತ ದಾವಲ್‌ಬೀ. ಕೊನೆಗೆ, ಇದು ಎಲ್ಲಕ್ಕಿಂತ ಹೇಸಿಗೆಯಾಗಿ, ಯಾರನ್ನೂ ಶಂಕಿಸದೆ ಹೊಸ್ತಿಲು ಮುಟ್ಟಿದ ಈ ಮುದುಕಿಯ ಮೇಲೂ. ನೀನು ಬಗ್ಗದೆ ಇದ್ದಿದ್ದರೆ ನಾನು ಒಳಗೆ ಹೋಗಿ ನೋಡುತ್ತಿದ್ದೆ. ಹಾಗೆ ಅನ್ನಿಸಿದ್ದೇ ತಡ ತನ್ನ ಮೈಯ ವಾಸನೆಯೇ ತನಗೆ ಬೇಡವಾಯಿತು.

ಲಿಂಗಸುಗೂರಿನಲ್ಲಿ ಇಳಿದಾಗ ತಿಮ್ಮವ್ವ, "ಕೂಡೇ ಹೋಗೂಣಲ್ಲ" ಅಂದಳು. "ನನಗ ಬ್ಯಾರೆ ಕೆಲಸ ಐತಿ, ನೀ ಮುಂದ ನಡಿ ಯವ್ವಾ" ಎಂದು ಅನುಪಮಾ ಆಟೊ ಹಿಡಿದಳು. ದಾರಿಯಲ್ಲಿ ತಲೆಗೆ ಸೆರಗು ಹೊದ್ದು ಬಿಸಿಲಲ್ಲಿ ಒಬ್ಬಳೇ ನಡೆಯುತ್ತಿದ್ದ ಮುದುಕಿಯನ್ನು ಆಟೊ ಹಿಂದೆ ಹಾಕಿತು. ಅನುಪಮಾ ಮುಖವನ್ನು ಆಚೆ ತಿರುಗಿಸಿದಳು.

ಗುರುಬಸವ ಚಹಾ ತರಿಸಿಟ್ಟಿದ್ದರು, ಸಕ್ಕರೆ ಕಡಿಮೆ, ಅವಳಿಗೆ ಬೇಕಾದ ಹಾಗೆ. ಕಂಪ್ಯೂಟರಿನಲ್ಲಿ ಮಸ್ಕಿಯ ಹೆಸರುಗಳು ಸಾಲಾಗಿ ತೆರೆದಿದ್ದವು. ಪಕ್ಕದಲ್ಲಿ ಬೆರಳಿಡುವ ಪುಟ್ಟ ಯಂತ್ರ ಕೆಂಪಗೆ ಉರಿಯುತ್ತಿತ್ತು.

"ಇಡ್ರಿ ಮೇಡಂ. ಊಟದ ಹೊತ್ತಿಗೆ ಮುಗಿಸಿಬಿಡೂಣು."

"ಆ ಮನ್ಯಾಗ ಒಲಿ ಇತ್ತೇನ್ರಿ ಸರ್?"

"ಒಲಿ?" ಗುರುಬಸವ ನಿಜವಾಗಿಯೂ ನಕ್ಕರು. "ಗ್ಯಾಸಿನ ಕಾಲದಾಗ ಒಲಿ ಹುಡಕ್ತೀರಲ್ಲ."

"ತಿಮ್ಮವ್ವ ಬಸ್ಸಿನ್ಯಾಗ ಸಿಕ್ಕಿದ್ಲು. ಗುಡಿಸಲಾಗ ಅದಾಳ. ನೀವು ತೋರಿಸಿದ ಮನಿ ದಾವಲ್‌ಬೀ ಬಾಡಿಗಿಗಿರೂ ಮನಿ. ಒಂದಾ ಮನಿಗೆ ಬಣ್ಣಾ ಬಡದು ಎಲ್ಲಾರ ಮನಿ ಅಂತ ತೋರಿಸೀರಿ."

ಅವರ ಮುಖ ಕೆಡಲಿಲ್ಲ. ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತರು. ಕಣ್ಣಿನಲ್ಲಿ, ಕಾಯಿಲೆಯ ಮಗುವನ್ನು ನೋಡುವ ಡಾಕ್ಟರನ ಅನುಕಂಪವಿತ್ತು. "ನಾವು ತೋರಿಸಿದ್ವಿ. ನೋಡಿದವರು ಯಾರ್ರಿ? ಹೆಬ್ಬೆಟ್ಟು ಯಾರದು? ಫೋಟೊದಾಗ ನೆರಳು ಸೈತ ನಿಮ್ಮದ ಐತಿ. ಈಗ ನೀವು ತಿರಸ್ಕಾರ ಅಂತ ಒತ್ತಿದ್ರ ಮೊದಲನೇ ನೋಟೀಸು ನಿಮಗ ಬರತೈತಿ, ನನಗಲ್ಲ. ನಾ ರೊಕ್ಕ ಬಿಟ್ಟದ್ದು ನಿಮ್ಮ ಬೆರಳು ನಂಬಿ." ಚಹಾದ ಲೋಟವನ್ನು ಅವಳತ್ತ ಮೆಲ್ಲಗೆ ಸರಿಸಿದರು. "ಮನ್ಯಾಗ ಅಮ್ಮ ಅದಾರ. ನಿಮ್ಮ ಪಗಾರದ ಮ್ಯಾಲ ನಡೀತೈತಿ ಮನಿ. ನಿಮಗ ಈ ಸೀಟು ಸಿಗೂದು ಎಷ್ಟು ಕಷ್ಟ ಅಂತ ನನಗ ಗೊತ್ತಿಲ್ಲೇನು? ಬಿಡ್ರಿ, ಆ ಮುದುಕಿಗೆ ಬ್ಯಾರೆ ಯಾವುದರಾಗರ ನಾನಾ ನಿಂತು ಮನಿ ಕೊಡಸ್ತೀನಿ."

ಕೊಡಿಸಿದರೂ ಕೊಡಿಸಿಯಾರು ಅನ್ನಿಸಿತು ಅವಳಿಗೆ. ಇವರು ಅಂಥವರೇ. ಜ್ವರ ಬಂದ ಜವಾನನನ್ನು ತಮ್ಮ ಗಾಡಿಯಲ್ಲಿ ದವಾಖಾನೆಗೆ ಕರೆದೊಯ್ದವರು, ಅವಳ ತಾಯಿಯ ಮೊಣಕಾಲನ್ನು ಮರೆಯದವರು. ಆ ಒಳ್ಳೆಯತನದಲ್ಲಿ ಸುಳ್ಳಿರಲಿಲ್ಲ, ಅದೇ ಅವಳ ಮೈಗೆ ಬೆಂಕಿ ಇಟ್ಟದ್ದು. ಒಳ್ಳೆಯತನವನ್ನು ಇವರು ಬಟ್ಟೆಯಂತೆ ಎಲ್ಲರ ಕಣ್ಣಿಗೆ ಕಟ್ಟಿದ್ದರು, ಮೊದಲು ಅವಳ ಕಣ್ಣಿಗೆ. ರಾಯಚೂರಿನ ಮುದುಕರು ಹೇಳಿದ್ದು ಕಳ್ಳರ ವಿಚಾರವಲ್ಲ. ಒಳ್ಳೆಯವರ ವಿಚಾರ, ಬಿಸಿಲಿನಲ್ಲಿ ಒಬ್ಬರಿಗೊಬ್ಬರು ನೀರು ಕೊಟ್ಟುಕೊಳ್ಳುವವರ ವಿಚಾರ. ನಕ್ಕಿದ್ದಳಲ್ಲ. ಅವಳು ಕುರ್ಚಿ ಎಳೆದುಕೊಂಡು ತಿಮ್ಮವ್ವನ ಹೆಸರಿನ ಮುಂದೆ ತಿರಸ್ಕಾರ ಎಂಬುದನ್ನು ಒತ್ತಿದಳು. ಕಾರಣ ಬರೆಯಿರಿ ಎಂದು ಕಂಪ್ಯೂಟರು ಕೇಳಿತು. ಮನೆ ಕಟ್ಟಿಲ್ಲ, ಎಂದು ಬರೆದಳು. ಹಿಂದಿನ ಹಂತದಲ್ಲಿ ನಾನು ಒಳಗೆ ಹೋಗಿ ನೋಡದೆ ಒಪ್ಪಿಗೆ ಕೊಟ್ಟೆ, ತೋರಿಸಿದವರು ಮತ್ತು ಹಣ ಬಿಟ್ಟವರು ನನ್ನ ಜೊತೆಯಲ್ಲೇ ಬಂದಿದ್ದರು, ಎಂದು ಬರೆದು ಬೆರಳಿಟ್ಟಳು. ಆಮೇಲೆ ಗ್ಯಾನಮ್ಮ. ಆಮೇಲೆ ಉಳಿದವರು. ಗುರುಬಸವ ತಡೆಯಲಿಲ್ಲ. "ಅಯ್ಯೋ ಮೇಡಂ" ಅಂದರು ಮೆಲ್ಲಗೆ, ಯಾರೋ ಸತ್ತ ಸುದ್ದಿ ಕೇಳಿದವರಂತೆ.

ಒಂದು ಹೆಸರನ್ನು ತಿರಸ್ಕರಿಸಿದ ಕ್ಷಣವೇ ಆ ಹೆಸರಿನವರ ಫೋನಿಗೆ ಸಂದೇಶ ಹೋಗುತ್ತದೆ, ಯಾವ ಅಧಿಕಾರಿ ತಿರಸ್ಕರಿಸಿದರೆಂಬುದು ಅದರಲ್ಲಿರುತ್ತದೆ, ಏನನ್ನೂ ಮುಚ್ಚಿಡಬಾರದೆಂದು ಮಾಡಿದ ಏರ್ಪಾಡು. ಅದು ಅವಳಿಗೆ ಗೊತ್ತಿತ್ತು. ಈ ಹೊತ್ತಿನಲ್ಲಿ ನೆನಪಿರಲಿಲ್ಲ. ಹೊರಗೆ ಪಡಸಾಲೆಯಲ್ಲಿ, ನಡೆದು ಬಂದು ಆಗತಾನೆ ನೆಲಕ್ಕೆ ಕೂತಿದ್ದ ತಿಮ್ಮವ್ವನ ಮಡಿಲಲ್ಲಿ ಫೋನು ಸದ್ದು ಮಾಡಿತು. ಅವಳು ಅದನ್ನು ಜವಾನ ಶಾವಲಿಯ ಕೈಗೆ ಕೊಟ್ಟು ಓದಿಸಿದಳು. ಬಾಗಿಲಾಚೆಯಿಂದ ಶಾವಲಿಯ ದನಿ ಕೇಳಿಸಿತು: "ನಿನ್ನ ಮನಿ ತಿರಸ್ಕಾರ ಆಗೈತಂತಬೇ. ಅನುಪಮಾ ಅಂತ ಮೇಡಂ ಮಾಡ್ಯಾರಂತ."

ಬಾಗಿಲು ತೆರೆದವರು ಗುರುಬಸವ. "ಏ ಶಾವಲಿ, ಯಮ್ಮಗ ಕುರ್ಚಿ ಹಾಕು, ನೀರು ಕೊಡು. ನಾವು ಕೊಡಬೇಕಂತಾ ಇದ್ವಿ ಯಮ್ಮಾ. ಮೇಡಂ ಬ್ಯಾಡ ಅಂದ್ರು. ಕೇಳು, ಅವರ್ನ ಕೇಳು." ಅಷ್ಟು ಹೇಳಿ ಸಂಕಟದಿಂದೆಂಬಂತೆ ಪಕ್ಕಕ್ಕೆ ನಿಂತರು.

ತಿಮ್ಮವ್ವ ಕುರ್ಚಿಯಲ್ಲಿ ಕೂರಲಿಲ್ಲ. ಹೊರಗೆ ಬಂದ ಅನುಪಮಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನೀನಾ?"

"ನಾನಾ ಯವ್ವಾ."

"ನನ್ನ ಬಾಜೂ ಕುಂತು ನನ್ನ ಶೇಂಗಾ ತಿಂದಿ. ತಿನಕೋತ ನನ್ನ ಮನಿ ತಿಂದೇನು?"

ಪಡಸಾಲೆಯಲ್ಲಿ ಕೆಲಸಕ್ಕೆ ಬಂದವರು ಐದಾರು ಮಂದಿ ತಿರುಗಿ ನೋಡಿದರು. ಅನುಪಮಾ ಮುದುಕಿಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು, ಮನೆ ಯಾರೂ ಕಟ್ಟುತ್ತಿರಲಿಲ್ಲ, ಫೋಟೊ ಆದ ಮೇಲೆ ಮನೆ ಬರುವ ಪದ್ಧತಿಯಿಲ್ಲ, ಮನೆ ಆದ ಮೇಲೆ ಫೋಟೊ, ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ರೊಕ್ಕ ತೆಗೆದಿದ್ದಾರೆ, ನಾನು ನೋಡದೆ ನೋಡಿದೆ ಅಂದಿದ್ದೇನೆ. ತಿಮ್ಮವ್ವ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಬಸ್ಸಿನಲ್ಲಿದ್ದ ಬಿಗುಮಾನ ನಿಧಾನವಾಗಿ ಆರುವುದನ್ನು ನೋಡುತ್ತ ನಿಲ್ಲಬೇಕಾಯಿತು. ಯಾವ ನೋಟೀಸೂ ಇದಕ್ಕಿಂತ ದೊಡ್ಡದಿರಲಾರದು.

"ಬಸ್ಸಿನ್ಯಾಗ ನಿನಗ ಗೊತ್ತಿತ್ತೇನು?"

"ನಿನ್ನ ಮಾತಿನ ಮ್ಯಾಲ ಗೊತ್ತಾತು."

"ಗೊತ್ತಾದ ಮ್ಯಾಲ ಬಾಯಿ ಯಾಕ ಬಿಡಲಿಲ್ಲ? ಆಟೊದಾಗ ನನ್ನ ದಾಟಿಸ್ಕೊಂಡು ಬಂದಿ. ನಾ ನೋಡಿದೆ."

ಅನುಪಮಾ ಸುತ್ತ ನಿಂತವರತ್ತ ನೋಡಿ, ಮುದುಕಿಯ ಕಿವಿಯ ಹತ್ತಿರ ಬಗ್ಗಿದಳು.

"ಈಗರ ಯಾಕ ಪಿಸಪಿಸ ಅಂತಿ? ನನಗೊಬ್ಬಾಕಿಗೆ ಕಿವ್ಯಾಗ ಹೇಳಿ ಏನು ಮಾಡ್ತಿ? ಅಂವ ನೋಡು, ಎಲ್ಲಾರಿಗೂ ಕೇಳೂವಂಗ ನೀ ಬ್ಯಾಡ ಅಂದಿ ಅಂತ ಹೇಳಿದ. ನೀನೂ ಹಂಗ ಹೇಳು. ಗಟ್ಟಿಯಾಗಿ ಹೇಳು."

ಅನುಪಮಾಳ ಮೊದಲ ವಾಕ್ಯ ಕಚೇರಿಯ ಕನ್ನಡದಲ್ಲಿ ಬಂತು, ಫಲಾನುಭವಿ, ಪರಿಶೀಲನೆ, ಅದು ಅರ್ಧಕ್ಕೇ ತೊದಲಿ ನಿಂತಿತು. ಆಮೇಲೆ, ಓಣಿಯ ನಲ್ಲಿಯಲ್ಲಿ ಕೊಡ ಇಡಲು ಬಿಡದವರ ಎದುರು ಅವ್ವ ಎತ್ತುತ್ತಿದ್ದ ದನಿ, ತನಗೆ ಬಂದಿರಲಾರದು ಎಂದುಕೊಂಡಿದ್ದ ದನಿ, ಅವಳ ಹೊಟ್ಟೆಯಿಂದ ಎದ್ದಿತು. "ಕೇಳ್ರಿ ಎಲ್ಲಾರೂ. ಇಕಿ ಮನಿ ಕಟ್ಟಿಲ್ಲ. ಇಕಿ ಮನಿ ರೊಕ್ಕ ಈ ಕಚೇರಿಯವರು ತಿಂದಾರ. ಬ್ಯಾರೆಯವರ ಮನಿಗೆ ಬಣ್ಣಾ ಬಡದು ಇಕಿನ್ನ ಮುಂದ ನಿಂದ್ರಿಸಿದ್ರು. ನಾ ಜೀಪಿನ್ಯಾಗ ಎಳನೀರು ಕುಡಕೋತ ಕುಂತು, ನೋಡೀನಿ ಅಂತ ಹೆಬ್ಬೆಟ್ಟು ಒತ್ತೀನಿ." ಕೋಣೆಗಳ ಬಾಗಿಲುಗಳು ಒಂದೊಂದಾಗಿ ತೆರೆದವು. ಟೈಪು ಮಾಡುತ್ತಿದ್ದವರು ಹೊರಗೆ ಬಂದರು. ಶಾವಲಿ ನೀರಿನ ಲೋಟ ಹಿಡಿದು ಹಾಗೇ ನಿಂತಿದ್ದ.

"ಮೇಡಂ, ಒಳಗ ಬರ್ರಿ," ಗುರುಬಸವ ಮುಂದೆ ಬಂದು ಅವಳ ಮೊಣಕೈಯ ಹತ್ತಿರ ಕೈಯೊಡ್ಡಿದರು. ದನಿ ಈಗಲೂ ಬೆಣ್ಣೆಯಂತಿತ್ತು. "ಬಿಸಲಾಗ ಬಂದೀರಿ. ಕುಂತು ಮಾತಾಡೂಣು, ಬರ್ರಿ."

ತಿಮ್ಮವ್ವ ಇಬ್ಬರ ನಡುವೆ ಬಂದು ನಿಂತಳು. "ತಡಿಯೋ ಸಾಹೇಬ," ಅಂದಳು. "ಆಕಿ ಇನ್ನಾ ಮುಗಿಸಿಲ್ಲ. ಗ್ಯಾನಮ್ಮಂದು ಹೇಳಬೇಕು."

ಅನುಪಮಾ ಗ್ಯಾನಮ್ಮನದು ಹೇಳಿದಳು.